ಬೆನ್ನು ತೆಗೆದ ಕುರ್ಚಿ

ಹದಿನೆಂಟು ವರ್ಷ ಕುರ್ಚಿ ಮಾಡಿದವನು ನಾನು. ಆದರೆ ಕುರ್ಚಿಯ ಮೇಲೆ ಕೂರುವುದು ಹೇಗೆ ಎಂದು ಕಲಿತದ್ದು ಮೂವತ್ತೆಂಟು ತುಂಬಿದ ಮೇಲೆ, ಅದೂ ಒಂದು ರೋಗ ಬಂದು ಕಿವಿ ಹಿಂಡಿ ಕಲಿಸಿದ ಮೇಲೆ. ಈಗ ಯಾರಾದರೂ ನನ್ನ ಮುಂದೆ ಕುರ್ಚಿಯ ಮಾತು ಎತ್ತಿದರೆ ಸಾಕು, ನನ್ನನ್ನು ನಿಲ್ಲಿಸುವುದು ಕಷ್ಟ. ಮನೆಯವರು ಎದ್ದು ಒಳಗೆ ಹೋಗಿಬಿಡುತ್ತಾರೆ. ನೀವು ಹೇಗೂ ಓದಲು ಕೂತಿದ್ದೀರಿ, ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಹೆಸರು ಮಕಬೂಲ್. ದಾಂಡೇಲಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿಯ ಗ್ರಿಲ್ಲು ಎಲ್ಲ ಮಾಡುತ್ತೇನೆ, ಆದರೆ ಸುತ್ತಲಿನ ಊರುಗಳಲ್ಲಿ ನನಗೆ ಹೆಸರು ಬಂದಿರುವುದು ಮಡಚುವ ಕಬ್ಬಿಣದ ಕುರ್ಚಿಯಿಂದ. ಹಳಿಯಾಳ, ಜೋಯಿಡಾ ಕಡೆಯ ಶಾಮಿಯಾನಾದವರು ಮದುವೆಯ ಸೀಸನ್ ಮುಗಿದ ಕೂಡಲೇ ಟೆಂಪೋ ತುಂಬ ಮುರಿದ ಕುರ್ಚಿ ತಂದು ಅಂಗಡಿಯ ಮುಂದೆ ಸುರಿಯುತ್ತಾರೆ. ರಿವೆಟ್ ಕಿತ್ತದ್ದು, ಕಾಲು ಸೊಟ್ಟಾದದ್ದು, ಯಾರೋ ದಪ್ಪ ಬೀಗರು ಕೂತು ತಗಡು ಹರಿದದ್ದು. ನಾನು ದಿನವಿಡೀ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬೆನ್ನು ಬಗ್ಗಿಸಿ, ಅವನ್ನೆಲ್ಲ ನೆಟ್ಟಗೆ ಮಾಡುತ್ತಿದ್ದೆ. ರಿಪೇರಿಯಾದ ಕುರ್ಚಿಯ ಮೇಲೆ ಒಮ್ಮೆ ಕೂತು, ಎರಡು ಸಲ ಅಲುಗಾಡಿಸಿ ಎದ್ದುಬಿಡುವುದು, ಕುರ್ಚಿಗೂ ನನಗೂ ಇದ್ದ ಸಂಬಂಧ ಅಷ್ಟೇ.

ಇದನ್ನು ಬರೆಯಲು ಕಾರಣವಿದೆ. ಬೆಳಗ್ಗೆ ಮಂಚದ ಅಂಚಿನಲ್ಲಿ ಕೂತು, ಕಾಲಿನ ತನಕ ಕೈ ಹೋಗದೆ, ಇದು ನನಗೊಬ್ಬನಿಗೇ ಬಂದಿದೆ ಎಂದುಕೊಳ್ಳುವವರು ಈ ಕಡೆ ಇನ್ನೂ ಇರಬಹುದು. ನಿಮಗೊಬ್ಬರಿಗೇ ಬಂದಿಲ್ಲ. ನನಗೆ ಇದನ್ನು ಹೇಳುವವರು ಆಗ ಯಾರೂ ಇರಲಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ನೋವು ಶುರುವಾದದ್ದು ಸೊಂಟದ ಕೆಳಗೆ, ಒಳಗೆಲ್ಲೋ ಆಳದಲ್ಲಿ. ವಿಚಿತ್ರವೆಂದರೆ ಓಡಾಡಿದರೆ ಕಡಿಮೆ, ಮಲಗಿದರೆ ಜಾಸ್ತಿ. ಬೆಳಗ್ಗೆ ಏಳುವಾಗ ಬೆನ್ನು ಹಲಗೆಯಾಗಿರುತ್ತಿತ್ತು. ಒಂದು ತಾಸು ಓಣಿಯಲ್ಲಿ ತಿರುಗಾಡಿ ಬಂದರೆ ಸ್ವಲ್ಪ ಸಡಿಲ. ಇದನ್ನು ಯಾರೂ ನಂಬುತ್ತಿರಲಿಲ್ಲ. ಬೆನ್ನು ನೋವಿನವನು ಮಲಗಬೇಕು, ಇವನು ತಿರುಗಾಡಿ ಆರಾಮ ಆಗುತ್ತಾನೆ, ಕೆಲಸ ತಪ್ಪಿಸಲು ಹೊಸ ಉಪಾಯ ಕಂಡುಹಿಡಿದಿದ್ದಾನೆ ಎಂದು ನೆಂಟರು ನಗುತ್ತಿದ್ದರು. ಅಮ್ಮ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬಂದು ಬೆನ್ನು ಇನ್ನಷ್ಟು ಹಿಡಿದುಕೊಂಡಿತು.

ಓಣಿಯ ಹಿರಿಯರೆಲ್ಲ ಸೇರಿ ಹದಿನೈದು ದಿನ ಪೂರ್ತಿ ವಿಶ್ರಾಂತಿ ಎಂದು ತೀರ್ಮಾನ ಕೊಟ್ಟರು. ನಾನೂ ಮಲಗಿದೆ. ಹದಿನಾರನೆಯ ದಿನ ಏಳಲಾಗಲಿಲ್ಲ. ನನ್ನ ಹೆಂಡತಿ ಶಮೀಮ ನನ್ನನ್ನು ಪಕ್ಕಕ್ಕೆ ಉರುಳಿಸಿ, ಕಾಲು ಕೆಳಗಿಳಿಸಿ, ಬಗಲಿಗೆ ಕೈ ಕೊಟ್ಟು ಎಬ್ಬಿಸಿದಳು. ನನಗೆ ನಿಜವಾದ ಭಯ ಹುಟ್ಟಿದ್ದು ಅವತ್ತು.

ಬೆನ್ನು ಬಗ್ಗುತ್ತಿದೆ ಎಂದು ಗೊತ್ತಾದದ್ದು ಒಂದು ಫೋಟೋದಿಂದ. ಶಮೀಮಳ ತಂಗಿಯ ಮದುವೆ ಹಳಿಯಾಳದಲ್ಲಿ ಆಗಿತ್ತು. ಆಲ್ಬಮ್ ಬಂದಾಗ ಎಲ್ಲರೂ ಸುತ್ತ ಕೂತು ನೋಡುತ್ತಿದ್ದೆವು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ತಲೆ ಮುಂದೆ ಚಾಚಿ ನಿಂತಿದ್ದ. ಇವರ್ಯಾರು, ಗಂಡಿನ ಕಡೆಯವರಾ ಎಂದು ಕೇಳಿದೆ. ಶಮೀಮ ಪುಟ ಮಗುಚಲು ಹೋದಳು. ಅಂಗಿ ನೋಡಿದ ಮೇಲೆ ಅದು ನಾನೇ ಎಂದು ಗೊತ್ತಾಯಿತು.

ಮಸೀದಿಯಲ್ಲಿ ಕೂಡ ಹಾಗೇ ಆಯಿತು. ಹಿಂದಿನ ಸಾಲಿನಲ್ಲಿ, ನೆಲಕ್ಕೆ ಬಗ್ಗಲಾಗದ ಮುದುಕರಿಗೆಂದು ಕುರ್ಚಿ ಹಾಕಿರುತ್ತಾರೆ. ಅವೂ ನನ್ನ ಅಂಗಡಿಯವೇ. ಮೂವತ್ತೇಳನೆಯ ವಯಸ್ಸಿಗೆ ನಾನು ಹೋಗಿ ಅಲ್ಲಿ ಕೂತೆ. ಪಕ್ಕದ ಮುದುಕರು ಜರುಗಿ ಜಾಗ ಮಾಡಿಕೊಟ್ಟು, ಏನೂ ಕೇಳದೆ ಬೆನ್ನು ಸವರಿದರು. ಅವರು ಏನೂ ಕೇಳಲಿಲ್ಲವಲ್ಲ ಎಂದೇ ನನಗೆ ಅಳು ಬಂತು.

ಕೊನೆಗೆ ದಾಂಡೇಲಿಯ ಡಾಕ್ಟರೊಬ್ಬರು ನನ್ನ ಬೆಳಗಿನ ಕತೆಯನ್ನು ನಡುವೆ ಬಾಯಿ ಹಾಕದೆ ಕೇಳಿದರು. ರಕ್ತ ಪರೀಕ್ಷೆ ಮಾಡಿಸಿ, ಹುಬ್ಬಳ್ಳಿಯಲ್ಲಿ ಸಂಧಿವಾತದ ಡಾಕ್ಟರಿದ್ದಾರೆ, ತಡ ಮಾಡದೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಒಬ್ಬ ಮನುಷ್ಯ ಪೂರ್ತಿ ಕೇಳಿಸಿಕೊಂಡದ್ದಕ್ಕೇ ನನಗೆ ಅರ್ಧ ನೋವು ಹೋದ ಹಾಗಾಗಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ತಾಸು ಕಾಯಬೇಕಾಯಿತು. ಅಲ್ಲಿದ್ದದ್ದು ಒಂದಕ್ಕೊಂದು ಜೋಡಿಸಿದ, ತೂತು ತೂತಿನ ಸ್ಟೀಲ್ ಕುರ್ಚಿಗಳು. ರೋಗಿಗಳೆಲ್ಲ ಗೋಡೆಯ ಮೇಲಿನ ಟೋಕನ್ ನಂಬರ್ ನೋಡುತ್ತಿದ್ದರೆ ನಾನು ಕುರ್ಚಿಯ ಕೂಡುಗಳನ್ನು ನೋಡುತ್ತಿದ್ದೆ. ಕೆಳಗಿನ ವೆಲ್ಡಿಂಗ್ ಹೇಗಿದೆ ನೋಡಬೇಕೆನಿಸಿತು, ಬಗ್ಗಲಾಗಲಿಲ್ಲ. ಸ್ವಲ್ಪ ಬಗ್ಗಿ ನೋಡಿ ಹೇಳು ಎಂದು ಶಮೀಮಳಿಗೆ ಹೇಳಿದೆ. ಆಕೆ ನೋಡಿದ ನೋಟಕ್ಕೆ ಎದ್ದು ತಿರುಗಾಡಲು ಹೋದೆ. ಅಲ್ಲಿನ ಸಿಸ್ಟರ್ ಒಬ್ಬರು ಇದನ್ನು ಗಮನಿಸಿ, ಕೂರುವುದು ಕಷ್ಟವಾದರೆ ಕಾರಿಡಾರಿನಲ್ಲಿ ಎಷ್ಟು ಬೇಕಾದರೂ ಅಡ್ಡಾಡಿ, ನಂಬರ್ ಬಂದಾಗ ನಾನೇ ಕರೆಯುತ್ತೇನೆ ಎಂದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಅಡ್ಡಾಡುತ್ತ ಅಡ್ಡಾಡುತ್ತ ತಲೆಯಲ್ಲಿ ಕುರ್ಚಿಗಳದೇ ಮೆರವಣಿಗೆ. ನನ್ನ ಅಜ್ಜ ಬೆತ್ತ ಹೆಣೆಯುತ್ತಿದ್ದ. ಜೋಯಿಡಾ ಕಾಡಿನ ಬೆತ್ತ, ದಾಂಡೇಲಿಯ ಸಾಗವಾನಿ. ಕಾಡಿನ ಬಂಗಲೆಗಳಲ್ಲಿ ಉದ್ದ ಕೈಗಳ ಆರಾಮ ಕುರ್ಚಿಗಳಿರುತ್ತಿದ್ದವು. ಸಾಹೇಬರು ಹಿಂದಕ್ಕೆ ಒರಗಿ, ಎರಡೂ ಕಾಲನ್ನು ಆ ಕೈಗಳ ಮೇಲೆ ಚಾಚುತ್ತಿದ್ದರಂತೆ. ಅಜ್ಜ ಬೆತ್ತ ಬದಲಿಸಿ, ಅಂಗೈಯಿಂದ ಒತ್ತಿ ನೋಡಿ ಬರುತ್ತಿದ್ದ. ಕೂತು ನೋಡುವಂತಿರಲಿಲ್ಲ. ಆಗ ನಮ್ಮ ಮನೆಗಳಲ್ಲಿ ಇದ್ದದ್ದು ಮಣೆ, ಚಾಪೆ, ಕಂಬಳಿ. ಶಾಲೆಯಲ್ಲಿ ಒಂದೇ ಕುರ್ಚಿ, ಅದು ಮಾಸ್ತರದು. ಕಚೇರಿಯಲ್ಲಿ ಒಂದೇ, ಅದು ಸಾಹೇಬರದು. ಉಳಿದವರು ನಿಲ್ಲಬೇಕು. ಬಡವನನ್ನು ಕೈ ಹಿಡಿದು ಕುರ್ಚಿಯ ಮೇಲೆ ಮೊದಲು ಕೂರಿಸಿದ್ದು ಕ್ಷೌರದ ಅಂಗಡಿಯವನೇ ಇರಬೇಕು ಎಂದು ನನ್ನ ಲೆಕ್ಕಾಚಾರ. ಅದಾದ ಮೇಲೆ ಬಂದದ್ದು ತಗಡಿನ ಮಡಚುವ ಕುರ್ಚಿ. ಗೌಡರನ್ನೂ, ಬೀಗರನ್ನೂ, ಹೊಲದಲ್ಲಿ ದುಡಿಯುವವನನ್ನೂ ಅದು ಒಂದೇ ಎತ್ತರಕ್ಕೆ ಕೂರಿಸಿತು. ಅಪ್ಪ ಬೆತ್ತ ಬಿಟ್ಟು ಕಬ್ಬಿಣ ಹಿಡಿದದ್ದು ಆ ಕಾಲದಲ್ಲಿ. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯಿತು, ಅದು ಬೇರೆ ಮಾತು. ಮೂರು ತಲೆಮಾರು ಕುರ್ಚಿಯ ಕೆಲಸ ಮಾಡಿದ ಮನೆತನದಲ್ಲಿ ಕೂರಲಾಗದವನು ಹುಟ್ಟಿದೆನಲ್ಲ ಎಂದು ನಗು ಬಂತು.

ಆಗಲೇ ಒಬ್ಬರು ಕರೆದು ಟೋಕನ್ ನಂಬರ್ ಎಷ್ಟಾಯಿತು ಎಂದು ಕೇಳಿದರು. ನಂಬರ್ ಎದುರಿನ ಗೋಡೆಯ ಮೇಲೇ ಇತ್ತು. ತಿರುಗಿ ನೋಡಿದರೆ, ಅರವತ್ತು ದಾಟಿದ ಆ ಮನುಷ್ಯನ ಬೆನ್ನು ಪೂರ್ತಿ ಬಾಗಿ, ಮುಖ ನೆಲ ನೋಡುತ್ತಿತ್ತು. ಗೋಡೆಯ ಮೇಲಿನದು ಅವರಿಗೆ ಕಾಣುವಂತೆಯೇ ಇರಲಿಲ್ಲ. ಮುಂಡಗೋಡದವರು, ಬಂಗಾರದ ಕೆಲಸ ಮಾಡುವ ಪತ್ತಾರರು. ನಲವತ್ತು ವರ್ಷ ಬಗ್ಗಿ ಕೂತು ಕೆಲಸ ಮಾಡಿದವರು. ನೋವಿದ್ದಾಗ ಬಗ್ಗಿದರೆ ಹಿತವೆನಿಸುತ್ತಿತ್ತಂತೆ, ಹಾಗಾಗಿ ಬಗ್ಗಿಯೇ ಇದ್ದರಂತೆ. ನಾನು ನನ್ನ ಬೆಳಗಿನ ಕತೆ ಹೇಳಿದೆ. ಅವರು ಕೈ ಚಾಚಿ ನನ್ನ ಬೆನ್ನನ್ನು ಮೇಲಿನಿಂದ ಕೆಳಗೆ ಬೆರಳಿನಿಂದ ಒತ್ತುತ್ತ ಹೋದರು, ಒಡವೆಯ ಗಟ್ಟಿತನ ನೋಡುವ ಹಾಗೆ.

"ತಮ್ಮಾ, ನಂದು ಡೊಂಕಿದ್ದಾಗ ಬೆಸಗಿ ಕೂತೈತಿ, ಇನ್ನ ಅದು ಏಳೂದಿಲ್ಲ," ಎಂದರು. "ನಿಂದು ಇನ್ನೂ ಮೆತ್ತಗೈತಿ. ಲಗೂನ ನೆಟ್ಟಗ ಮಾಡ್ಕೋ."

ಅವರನ್ನು ನಾನು ಅವತ್ತಿನಿಂದ ಪತ್ತಾರ ಕಾಕಾ ಎಂದು ಕರೆಯುತ್ತೇನೆ.

ಒಳಗೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ರೋಗದ ಹೆಸರು ಹೇಳಿದರು. ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಅದನ್ನು ತಪ್ಪಿಲ್ಲದೆ ಹೇಳಲು ನನಗೆ ಒಂದು ವಾರ ಹಿಡಿಯಿತು. ಬೆನ್ನೆಲುಬಿನ ಮಣಿಗಳ ನಡುವೆ ಹೊಸ ಎಲುಬು ಬೆಳೆದು ಒಂದಕ್ಕೊಂದು ಕೂಡಿಕೊಳ್ಳಬಹುದು, ಯಾವ ಆಕಾರದಲ್ಲಿ ಇರುತ್ತೀರೋ ಅದೇ ಆಕಾರದಲ್ಲಿ ಕೂಡಿಬಿಡುತ್ತವೆ, ಪೂರ್ತಿ ಹೋಗುವ ರೋಗ ಅಲ್ಲ, ಆದರೆ ಹಿಡಿತದಲ್ಲಿ ಇಡಬಹುದು ಎಂದು ಮೆಲ್ಲಗೆ ಹೇಳಿದರು. ಶಮೀಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ನನಗೆ ಮಾತ್ರ ಒಮ್ಮೆಲೇ ಎಲ್ಲ ಅರ್ಥವಾಗಿಬಿಟ್ಟಿತ್ತು. ಇದು ನನ್ನದೇ ಕೆಲಸ! ನಾವು ಎರಡು ಪಟ್ಟಿ ಕೂಡಿಸುವಾಗ ಮೊದಲು ಅಲ್ಲಲ್ಲಿ ಒಂದು ಚುಕ್ಕೆ ಬೆಸುಗೆ ಹಾಕುತ್ತೇವೆ. ಅದಕ್ಕೆ ಟ್ಯಾಕ್ ಎನ್ನುತ್ತೇವೆ. ಟ್ಯಾಕ್ ಇರುವ ತನಕ ಸೊಟ್ಟಗಿದ್ದರೆ ಬಡಿದು ನೆಟ್ಟಗೆ ಮಾಡಬಹುದು. ಪೂರ್ತಿ ಬೆಸೆದ ಮೇಲೆ ಆಗುವುದಿಲ್ಲ.

"ಸರ್, ನಂದು ಈಗ ಟ್ಯಾಕ್ ಆಗೇತೋ, ಪೂರ್ತಿ ಆಗೇತೋ?" ಎಂದು ಕೇಳಿದೆ.

ಡಾಕ್ಟರಿಗೆ ಟ್ಯಾಕ್ ಎಂದರೇನು ಎಂದು ವಿವರಿಸಬೇಕಾಯಿತು. ಕೇಳಿ ಅವರು ಮತ್ತೊಮ್ಮೆ ಎಕ್ಸ್‌ರೇ ನೋಡಿದರು.

"ಟ್ಯಾಕ್ ಅಷ್ಟ ಆಗೇತ್ರಿ," ಎಂದರು. "ನೋವಿಗೆ ಮಾತ್ರಿ, ಇಂಜೆಕ್ಷನ್ ನಾ ಕೊಡ್ತೇನಿ. ಬೆನ್ನ ನೆಟ್ಟಗ ಇಟ್ಕೊಳ್ಳೂದು ನಿಮ್ಮ ಕೆಲಸ."

ಆಮೇಲೆ ಗೋಡೆಗೆ ಬೆನ್ನು, ಹಿಮ್ಮಡಿ ಹಚ್ಚಿ ನಿಲ್ಲಲು ಹೇಳಿದರು. ನೆಟ್ಟಗಿರುವ ಮನುಷ್ಯನ ತಲೆ ಗೋಡೆಗೆ ತಾಗುತ್ತದೆ. ನನ್ನ ತಲೆಗೂ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು ಇತ್ತು. ಹೊರಗೆ ಬಂದಾಗ ಶಮೀಮ ಅಳುತ್ತಿದ್ದಳು, ನಾನು ನಗುತ್ತಿದ್ದೆ. ನೋಡಿದವರು ಗಂಡನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಎಷ್ಟೋ ವರ್ಷದ ಮೇಲೆ ನನ್ನ ನೋವಿಗೆ ಒಂದು ಹೆಸರು, ನನಗೆ ಒಂದು ಕೆಲಸ ಸಿಕ್ಕಿತ್ತು. ಬೆನ್ನು ಬೆಸೆಯುವುದಾದರೆ ಬೆಸೆಯಲಿ, ಸೊಟ್ಟಗೆ ಬೆಸೆಯಲು ಬಿಡಬಾರದು. ಇಷ್ಟೇ.

ಮನೆಯಲ್ಲಿ ಅಮ್ಮ ದಪ್ಪ ದಿಂಬನ್ನು ಎಲ್ಲಿಯೋ ಅಡಗಿಸಿಟ್ಟಳು, ಡಾಕ್ಟರು ತೆಳ್ಳಗಿನದು ಸಾಕು ಎಂದಿದ್ದರು. ಶಮೀಮ ಪ್ರತಿ ಶುಕ್ರವಾರ ನನ್ನನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿ, ಆ ಸಂದಿನಲ್ಲಿ ಬೆರಳು ಇಟ್ಟು ಅಳೆಯಲು ಶುರುಮಾಡಿದಳು. ನಾಲ್ಕು ಬೆರಳು. ಮುಂದಿನ ಶುಕ್ರವಾರವೂ ನಾಲ್ಕು. ಮಾತ್ರೆಯಿಂದ ನೋವು ಇಳಿದಿತ್ತು, ಬೆರಳು ಇಳಿದಿರಲಿಲ್ಲ.

ಆಗ ಯಾರೋ ಗಿರಿಜಕ್ಕೋರ ಬಗ್ಗೆ ಹೇಳಿದರು. ಮಳಗಿ ಊರಿನ ಮಗಳು, ದಾಂಡೇಲಿಯ ಸೊಸೆ, ಹೈಸ್ಕೂಲಿನಲ್ಲಿ ಆಟ ಕಲಿಸುವ ಅಕ್ಕೋರಾಗಿ ನಿವೃತ್ತರಾದವರು. ಪುಣೆಗೆ ಹೋಗಿ ಯೋಗ ಕಲಿತು ಬಂದು, ಒಂದು ಹಳೆಯ ಗೋದಾಮಿನಲ್ಲಿ ಬೆನ್ನು, ಮೊಣಕಾಲು ಕೈಕೊಟ್ಟವರಿಗೆ ಕಲಿಸುತ್ತಿದ್ದರು. ನನ್ನಂಥವನು ಹೋದರೆ ಏನೆನ್ನುತ್ತಾರೋ ಎಂಬ ಸಂಕೋಚದಿಂದ ಮೊದಲ ದಿನ ಅರ್ಧ ತಾಸು ಮುಂಚೆಯೇ ಹೋಗಿ ನಿಂತೆ. ಅವರು ನನ್ನನ್ನು ನಡೆಸಿ ನೋಡಿದರು, ಉಸಿರು ಎಳೆಸಿ ನೋಡಿದರು, ಡಾಕ್ಟರ ಚೀಟಿ ಓದಿದರು. ಎರಡು ಮೂರು ದಿನ ತವರಿಗೆ ಹೋಗಿ ಬರುತ್ತೇನೆ, ಸೋಮವಾರದಿಂದ ಶುರು ಮಾಡೋಣ ಎಂದರು.

ಆದರೆ ನನ್ನ ಕಣ್ಣು ಅಷ್ಟು ಹೊತ್ತೂ ಗೋಡೆಗೆ ಒರಗಿಸಿಟ್ಟಿದ್ದ ಆರು ಮಡಚುವ ಕುರ್ಚಿಗಳ ಮೇಲಿತ್ತು. ಆರಕ್ಕೆ ಆರೂ ಮುರಿದವು! ಕೂರುವ ತಗಡು ಇತ್ತು, ಬೆನ್ನಿನ ತಗಡು ಇರಲಿಲ್ಲ. ಬರೀ ಚೌಕಟ್ಟು ಉಳಿದು ಅದಕ್ಕೆ ಹಳೆಯ ಬಟ್ಟೆ ಸುತ್ತಿದ್ದರು. ಇಷ್ಟು ಒಳ್ಳೆಯ ಹೆಣ್ಣುಮಗಳು ಇಂಥ ಕುರ್ಚಿ ಇಟ್ಟುಕೊಂಡು ಮುದುಕರಿಗೆ ಕಲಿಸುತ್ತಾರಲ್ಲ, ಊರಿನಲ್ಲಿ ನಾನೊಬ್ಬ ಇದ್ದೂ ಹೀಗಿರಬೇಕೇ ಎನಿಸಿತು. ಗೋದಾಮಿನ ಕಾವಲುಗಾರನನ್ನು ಒಪ್ಪಿಸಿ, ಅವರು ಊರಿಗೆ ಹೋದ ದಿನವೇ ಆರೂ ಕುರ್ಚಿಗಳನ್ನು ಅಂಗಡಿಗೆ ಸಾಗಿಸಿದೆ.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಒಳ್ಳೆಯ ದಪ್ಪ ತಗಡು ಕತ್ತರಿಸಿ, ಬೆನ್ನಿಗೆ ಹಿತವಾಗುವಂತೆ ಸ್ವಲ್ಪ ಬಾಗಿಸಿ, ಆರಕ್ಕೂ ಹೊಸ ಬೆನ್ನು ಬೆಸೆದೆ. ಗ್ರೈಂಡರ್ ಹಿಡಿದು ನುಣುಪು ಮಾಡಿದೆ. ನೀಲಿ ಬಣ್ಣ ಹೊಡೆದೆ. ನನ್ನ ಬೆನ್ನು ಕಿರುಚುತ್ತಿತ್ತು, ಆದರೆ ಮನಸ್ಸಿಗೆ ಎಂಥ ಸಡಗರ! ಸೋಮವಾರ ಬೆಳಗ್ಗೆ ಆರನ್ನೂ ಸಾಲಾಗಿ ಹಾಕಿ, ಬಾಗಿಲ ಬಳಿ ಕೈಕಟ್ಟಿ ನಿಂತೆ.

ಗಿರಿಜಕ್ಕೋರು ಒಳಗೆ ಬಂದರು. ಕುರ್ಚಿಗಳನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಕುರ್ಚಿಗಳನ್ನು ನೋಡಿದರು. ಒಂದು ಕುರ್ಚಿಯ ಹತ್ತಿರ ಹೋಗಿ, ಬೆನ್ನಿನ ತಗಡಿಗೆ ಬೆರಳಿನಿಂದ ಟಕ್ ಟಕ್ ಎಂದು ಬಡಿದರು. ಹೊಗಳಿಕೆಗೆ ನಾನು ತಯಾರಾಗಿದ್ದೆ. ಅವರು ಆ ಕುರ್ಚಿಯ ಮೇಲೆ ಕೂತು, ಹಿಂದಕ್ಕೆ ಒರಗಿ, ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆದರು.

"ಮಕಬೂಲಣ್ಣ, ಇಷ್ಟ ವರ್ಷದಾಗ ಈ ಕುರ್ಚಿಗೆ ನಾ ಒರಗಿದ್ದು ಇವತ್ತ ಮೊದಲು ನೋಡ್ರಿ," ಎಂದರು. "ಭಾಳ ಛಂದ ಮಾಡೀರಿ. ಈಗ ಆರೂ ಬೆನ್ನ ತೆಗೀರಿ."

ಆ ಬೆನ್ನುಗಳನ್ನು ಯಾರೂ ಮುರಿದಿರಲಿಲ್ಲ. ಅವರೇ ನಿಂತು ಕತ್ತರಿಸಿದ್ದರು. ಕಾಲು ತೂರಿಸಲು ಆ ಸಂದು ಬೇಕಂತೆ. ಹಗ್ಗ, ಇಟ್ಟಿಗೆಯಂಥ ಮರದ ತುಂಡು, ಕುರ್ಚಿ ಇವೆಲ್ಲ ಯೋಗಕ್ಕೆ ಬಂದದ್ದು ತೀರ ಇತ್ತೀಚೆಗೆ, ನೆಲದ ಮೇಲೆ ಬಗ್ಗಲಾಗದ, ಕೂರಲಾಗದ ಜನರಿಗಾಗಿ ಎಂದು ಅವರು ಅವತ್ತು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಋಷಿಗಳು ಹುಲ್ಲು, ಚರ್ಮ ಹಾಸಿಕೊಂಡು ಕೂತರು, ಅವರ ಮೊಣಕಾಲು ಗಟ್ಟಿ ಇದ್ದವು. ನಮಗೆ ಕುರ್ಚಿ ಬೇಕು. ಯಾವ ಕುರ್ಚಿಯಾದರೂ ಆಗುವುದಿಲ್ಲ. ಮೆತ್ತನೆಯದು ಆಗದು, ಕೈ ಇರುವುದು ಆಗದು, ಪ್ಲಾಸ್ಟಿಕ್ ಮೊದಲೇ ಆಗದು. ಸಭೆಗೆ ಹಾಕುವ ಮಡಚುವ ಕಬ್ಬಿಣದ ಕುರ್ಚಿಯೇ ಆಗಬೇಕು. ಇದನ್ನು ಕೇಳಿ ನನ್ನ ಎದೆ ಉಬ್ಬಿತು. ಸಾಹೇಬರ ಆರಾಮ ಕುರ್ಚಿಯನ್ನು ಬಿಟ್ಟು ಯೋಗ ನಮ್ಮ ಶಾಮಿಯಾನಾ ಕುರ್ಚಿಯನ್ನು ಆರಿಸಿಕೊಂಡಿತ್ತು!

ಆರೂ ಬೆನ್ನು ಕತ್ತರಿಸಿದೆ. ಚೆನ್ನಾಗಿ ಹಿಡಿದ ಬೆಸುಗೆಯನ್ನು ನನ್ನ ಕೈಯಾರೆ ಕಿತ್ತದ್ದು ಅದೇ ಮೊದಲು. ಆದರೆ ಕಿತ್ತ ಮೇಲೆ ಸುಮ್ಮನಿರಲಾಗಲಿಲ್ಲ. ಚೌಕಟ್ಟಿನ ಅಂಚನ್ನು ಮೈಗೆ ಚುಚ್ಚದಂತೆ ಉರುಟು ಮಾಡಿದೆ, ಮುಂದಿನ ಕಾಲುಗಳ ನಡುವೆ ಒಂದು ಅಡ್ಡಪಟ್ಟಿ ಬೆಸೆದೆ, ಪಾದಕ್ಕೆ ಜಾರದ ರಬ್ಬರ್ ಹಾಕಿದೆ. ಅಕ್ಕೋರು ಒಂದೊಂದನ್ನೂ ಒತ್ತಿ ನೋಡಿ, ಹಳೆಯ ಬಟ್ಟೆ ಸುತ್ತುವ ಕೆಲಸ ತಪ್ಪಿತು ಎಂದರು.

ಅವರು ನನ್ನನ್ನು ತಕ್ಷಣ ಕುರ್ಚಿಗೆ ಹತ್ತಿಸಲಿಲ್ಲ. ಏನೇನು ಮಾಡಿಸುತ್ತೇನೆ ಎಂದು ಚೀಟಿ ಬರೆದು ಡಾಕ್ಟರಿಗೆ ತೋರಿಸಿ ಬರಲು ಹೇಳಿದರು. ಡಾಕ್ಟರು ಎರಡನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. ತಲೆ ಕೆಳಗೆ ತೂಗಬಾರದು, ಜಗ್ಗಬಾರದು, ಕುತ್ತಿಗೆ ಲಟಿಕೆ ಮುರಿಯಲೇಬಾರದು. ಉಳಿದದ್ದಕ್ಕೆ ಒಪ್ಪಿಗೆ. ಆಮೇಲೆ ಒಂದು ತಿಂಗಳು 'ಕುರ್ಚಿ ಹಿಡಿದು ನಿಲ್ಲು, ಕುರ್ಚಿಯ ಮೇಲೆ ಕೈಯಿಟ್ಟು ಮುಂದೆ ಚಾಚು, ಪಕ್ಕಕ್ಕೆ ಕೂತು ಸೊಂಟ ತಿರುಗಿಸು' ಇಷ್ಟೇ. ಆಮೇಲೆ ಆ ದಿನ ಬಂತು.

ಬೆನ್ನು ಇರಬೇಕಾದ ಕಡೆಗೆ ಮುಖ ಮಾಡಿ ಕೂತೆ. ಎರಡೂ ಕಾಲನ್ನು ಆ ಸಂದಿನಿಂದ ಆಚೆ ತೂರಿಸಿದೆ. ಹಿಂದೆ ಸೀಟಿನ ಅಂಚಿಗೆ ಮಡಚಿದ ಕಂಬಳಿ, ತಲೆಗೆ ಒಂದರ ಮೇಲೊಂದು ಇಟ್ಟ ದಿಂಬು. ಅಕ್ಕೋರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಹಿಡಿದಿದ್ದರು. ಒಂದೊಂದೇ ಅಂಗುಲ ಹಿಂದಕ್ಕೆ ಹೋದೆ. ಬೆನ್ನಿನಲ್ಲಿ ಏನೋ ಕಟ್ಟು ಬಿಚ್ಚಿದಂತಾಯಿತು. ಎದೆ ಎರಡೂ ಕಡೆ ತೆರೆದುಕೊಂಡು, ಒಮ್ಮೆಲೇ ಉಸಿರು ಒಳಗೆ ನುಗ್ಗಿತು. ಎಷ್ಟು ಉಸಿರು! ನನ್ನೊಳಗೆ ಇಷ್ಟು ಜಾಗ ಇತ್ತು ಎಂಬುದೇ ಮರೆತುಹೋಗಿತ್ತು. ಕಣ್ಣು ತೆರೆದರೆ ಮೇಲೆ ಗೋದಾಮಿನ ಮಾಡು, ಅದರ ತೊಲೆಗಳು. ವರ್ಷಗಟ್ಟಲೆ ನೆಲ ನೋಡುತ್ತ ತಿರುಗಿದವನು ನಾನು, ಮಾಡು ಕಂಡು ಕೂಗಿಬಿಟ್ಟೆ. ಅಕ್ಕೋರು ಗಾಬರಿಯಾಗಿ ನೋವಾಯಿತಾ ಎಂದು ಕೇಳಿದರು. ಇಲ್ಲ, ಮಾಡಿನ ಮೂರನೆಯ ತೊಲೆಯ ಕೂಡು ಬಿಡುತ್ತಿದೆ, ನಾಳೆಯೇ ಬಂದು ಬೆಸೆದುಕೊಡುತ್ತೇನೆ ಎಂದೆ.

ಆ ಶುಕ್ರವಾರ ಶಮೀಮ ಗೋಡೆಯ ಬಳಿ ಅಳೆದಾಗ ನಾಲ್ಕನೆಯ ಬೆರಳು ಒಳಗೆ ಹೋಗಲಿಲ್ಲ. ಬೇಕೆಂತಲೇ ಒತ್ತಿ ನೋಡಿದಳು, ಹೋಗಲಿಲ್ಲ. ಅಮ್ಮನನ್ನು ಕರೆದು ತೋರಿಸಿದಳು. ಅಮ್ಮ ತನ್ನ ಬೆರಳು ಇಟ್ಟು ನೋಡಿ, ಮತ್ತೆ ದೃಷ್ಟಿಯಾದೀತು ಎಂದು ಉಪ್ಪು ತರಲು ಹೋದಳು. ಮೆಣಸಿನಕಾಯಿ ಬೇಡ ಎಂದು ನಾನು ಕೈಮುಗಿದೆ.

ಎಲ್ಲ ನೇರವಾಗಿ ಏರುತ್ತಲೇ ಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದು ಚಳಿಗಾಲ ಮತ್ತೆ ಹಲಗೆಯಾದೆ. ಒಮ್ಮೆ ಒಂದು ಕಣ್ಣು ಕೆಂಪಾಗಿ, ಬೆಳಕು ಕಂಡರೆ ಚುಚ್ಚತೊಡಗಿತು. ವೆಲ್ಡಿಂಗ್ ಮಾಡುವವರಿಗೆ ಕಿಡಿಯ ಬೆಳಕು ಹೊಡೆದು ಕಣ್ಣು ಕೆಂಪಾಗುವುದು ಹೊಸದಲ್ಲ. ನಾವು ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುತ್ತೇವೆ. ಹಾಗೇ ಮೂರು ದಿನ ಆಲೂಗಡ್ಡೆ ಇಟ್ಟುಕೊಂಡೆ. ಅದು ಕಿಡಿಯಲ್ಲ, ಇದೇ ರೋಗ ಕಣ್ಣಿಗೆ ಬಂದದ್ದು. ಇನ್ನೆರಡು ದಿನ ಆಲೂಗಡ್ಡೆ ನಂಬಿದ್ದರೆ ಕಣ್ಣಿಗೇ ಕುತ್ತು ಬರುತ್ತಿತ್ತು ಎಂದು ಕಣ್ಣಿನ ಡಾಕ್ಟರು ಚೆನ್ನಾಗಿ ಬೈದರು. ಬೈಗುಳ ತಿಂದು, ಹನಿ ಹಾಕಿಕೊಂಡು, ಗುಣವಾಗಿ ಬಂದೆ. ನನ್ನಂಥ ಬೆನ್ನಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಣ್ಣು ಕೆಂಪಾದರೆ ಅವತ್ತೇ ಹೋಗಿ. ಆಲೂಗಡ್ಡೆ ಪಲ್ಯಕ್ಕೆ ಇರಲಿ.

ಈ ನಡುವೆ ಬೆನ್ನು ತೆಗೆದ ಕುರ್ಚಿಗೆ ಗಿರಾಕಿಗಳು ಹುಟ್ಟಿಕೊಂಡರು. ಹಳಿಯಾಳದ ಒಂದು ಯೋಗ ತರಗತಿಯವರು ಬಂದರು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ವಯಸ್ಸಾದ ಲಾಮಾ ಒಬ್ಬರು ಬಂದರು. ಜೀವನಪೂರ್ತಿ ಚಕ್ಕಳಮಕ್ಕಳ ಹಾಕಿ ಕೂತವರಿಗೆ ಈಗ ಮೊಣಕಾಲು ಮಡಚುತ್ತಿರಲಿಲ್ಲ. ಕುರ್ಚಿಯನ್ನು ಹಿಂದುಮುಂದು ತಿರುಗಿಸಿ ಕೂತು ನೋಡಿ, ಮಕ್ಕಳ ಹಾಗೆ ನಕ್ಕರು. ಅವರೊಂದಿಗೇ ಮುಂಡಗೋಡಕ್ಕೆ ಹೋಗಿ ಪತ್ತಾರ ಕಾಕಾನ ಮನೆಗೂ ಒಂದು ಕುರ್ಚಿ ಮುಟ್ಟಿಸಿದೆ. ಅವರ ಬೆನ್ನು ಇನ್ನು ನೆಟ್ಟಗಾಗುವುದಿಲ್ಲ. ಆದರೆ ತಿರುಗಿ ಕೂತು ಚೌಕಟ್ಟು ಹಿಡಿದು ಎದೆ ಎತ್ತಿದರೆ ಉಸಿರು ಹಗುರಾಗುತ್ತದೆ ಎಂದು ಅಕ್ಕೋರು ಹೇಳಿಕೊಟ್ಟಿದ್ದರು. ಕಾಕಾ ದಿನಾ ಮಾಡುತ್ತಾರೆ. ಫೋನ್ ಮಾಡಿದಾಗ ಮೊದಲು ಕೇಳುವ ಮಾತು ಎಷ್ಟು ಬೆರಳು ಬಂತು ತಮ್ಮಾ ಎಂದೇ.

ಮೂರು ಬೆರಳು ಬಹಳ ದಿನ ನಿಂತಿತು. ಆಮೇಲೆ ಎರಡೂವರೆ ಎಂದು ಶಮೀಮ ಹೇಳಿದಳು, ಆ ಅರ್ಧ ಬೆರಳಿನ ಬಗ್ಗೆ ನಮ್ಮಿಬ್ಬರಿಗೆ ಜಗಳವಾಯಿತು. ಮೊದಲ ಎಕ್ಸ್‌ರೇ ಆಗಿ ಮೂರು ವರ್ಷಕ್ಕೆ ಡಾಕ್ಟರು ಹೊಸದನ್ನು ತೆಗೆಸಲು ಹೇಳಿದರು. ಬಸ್ಸಿನಲ್ಲಿ ಹುಬ್ಬಳ್ಳಿಯ ತನಕ ಹಳೆಯ ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲೆ ಹಿಡಿದೇ ಕೂತಿದ್ದೆ. ಬೆರಳು ಹೊರಗಿನದನ್ನು ಅಳೆಯುತ್ತದೆ. ಒಳಗೆ ಏನಾಗಿದೆಯೋ ಯಾರು ಬಲ್ಲರು.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಹಳೆಯದನ್ನು ಪಕ್ಕಕ್ಕೆ ಹಿಡಿದರು. ಅವರ ಮುಖ ಗಂಭೀರವಾಯಿತು. ಕೆಟ್ಟ ಸುದ್ದಿ ಹೇಳುವಾಗ ಅವರು ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಳ್ಳುತ್ತಾರೆ, ಅದನ್ನು ನಾನು ಮೂರು ವರ್ಷದಲ್ಲಿ ಕಲಿತಿದ್ದೆ. ಎಳೆದುಕೊಂಡರು.

"ಮಕಬೂಲ್, ಕೆಳಗಿನ ಮೂರು ಮಣಿ ಕೂಡ್ಯಾವ," ಎಂದರು. "ಪೂರ್ತಿ ಕೂಡ್ಯಾವ. ನಾವು ಎಷ್ಟ ಮಾಡಿದ್ರೂ ಅದು ನಿಂದರಲಿಲ್ಲ."

ಶಮೀಮ ನನ್ನ ತೋಳು ಹಿಡಿದಳು.

"ಹೆಂಗ ಕೂಡ್ಯಾವ್ರಿ ಸರ್?" ಎಂದು ಕೇಳಿದೆ. "ಸೊಟ್ಟನೋ, ನೆಟ್ಟಗೋ?"

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೋ ಏನೋ. ಮತ್ತೆ ಎಕ್ಸ್‌ರೇ ಎತ್ತಿದರು. ಮೇಜಿನ ಮೇಲಿನ ಸ್ಕೇಲ್ ತೆಗೆದು ಅದರ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ, ಥೇಟ್ ನಮ್ಮ ಅಂಗಡಿಯಲ್ಲಿ ಪಟ್ಟಿ ನೋಡುವ ಹಾಗೆ ನೋಡಿದರು.

"ನೆಟ್ಟಗ," ಎಂದರು. "ಎಲ್ಲಿ ಇರಬೇಕೋ ಅಲ್ಲೇ ಅದಾವ."

ಮೂರು ಎಲುಬು ಕಾಯಂ ಬೆಸೆದುಹೋದ ಸುದ್ದಿ ಕೇಳಿ ಯಾರಾದರೂ ಕುಣಿಯುತ್ತಾರೆಯೇ? ನಾನು ಕುಣಿದೆ. ಡಾಕ್ಟರ ಎರಡೂ ಕೈ ಹಿಡಿದು ಅಲುಗಾಡಿಸಿದೆ. ಅವರು ನನ್ನನ್ನು ಗೋಡೆಗೆ ನಿಲ್ಲಿಸಿ ಅಳೆದು, ಎರಡು ಬೆರಳಿಗೂ ಕಡಿಮೆ ಎಂದು ಬರೆದುಕೊಂಡರು. ಮೇಲಿನ ಮಣಿಗಳು ಇನ್ನೂ ಮೆತ್ತಗಿವೆ, ದಿನದ ಕುರ್ಚಿ ಬಿಡಬೇಡಿ ಎಂದರು. ಬಿಡುವವನು ಯಾರು?

ಆಸ್ಪತ್ರೆಯ ಮೆಟ್ಟಿಲು ಇಳಿದು ರಸ್ತೆಗೆ ಬಂದೆವು. ಶಮೀಮ ಒಮ್ಮೆಲೇ ನಿಂತು, ನನ್ನನ್ನೇ ನೋಡತೊಡಗಿದಳು. ಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿತ್ತು. ಏನಾಯಿತು ಎಂದು ಕೇಳಿದೆ.

"ಏನಿಲ್ರೀ," ಎಂದಳು. "ಇಷ್ಟ ದಿನ ನಿಮ್ಮ ಮಾರಿ ನನ್ನ ಮಾರಿ ಸಮಕ್ಕ ಬಂದಿತ್ತು. ಈಗ ನಿಮ್ಮನ್ನ ನೋಡಬೇಕಂದ್ರ ಮತ್ತ ಕುತ್ತಿಗಿ ಮ್ಯಾಲ ಎತ್ತಬೇಕಾಗೇತಿ."